ತಪ್ಪು ಮಾಡುವ ಜಾಗ ಬೇರೆ, ಕಾಣುವ ಜಾಗ ಬೇರೆ: ಕೈಯಲ್ಲಿ ಗಿಟಾರ್ ಕಟ್ಟಲು ಹೊರಟವರಿಗೆ

ಗಿಟಾರ್ ಕಟ್ಟಲು ಕಲಿಯುವವರು ಮೊದಲು ಹೆದರುವುದು ಪಕ್ಕೆ ಬಗ್ಗಿಸುವ ಕೆಲಸಕ್ಕೆ. ಎರಡು ಮಿ.ಮೀ. ದಪ್ಪದ ಬೀಟೆ ಪಟ್ಟಿಯನ್ನು ಕಾದ ಕೊಳವೆಯ ಮೇಲೆ ಒತ್ತಿ ಸೊಂಟದ ತಿರುವು ತರಬೇಕು ಎಂದಾಗ ಕೈ ನಡುಗುವುದು ಸಹಜ. ಆದರೆ ಆ ಕೆಲಸದಲ್ಲಿ ಮೋಸವಿಲ್ಲ. ತಪ್ಪಿದರೆ ಪಟ್ಟಿ ಆಗಲೇ, ಕೈಯಲ್ಲೇ, ಚಟ್ಟನೆ ಮುರಿಯುತ್ತದೆ. ಇನ್ನೊಂದು ಪಟ್ಟಿ ತೆಗೆದುಕೊಂಡರಾಯಿತು. ನಿಜವಾಗಿ ಕಾಡುವ ತಪ್ಪುಗಳ ಸ್ವಭಾವ ಬೇರೆ. ಜುಲೈನಲ್ಲಿ ಅಂಟಿಸಿದ ಹಲಗೆ ಮಾರ್ಚ್‌ನಲ್ಲಿ ಸೀಳುತ್ತದೆ. ಕುತ್ತಿಗೆಯ ಬುಡದಲ್ಲಿ ಅರ್ಧ ಮಿ.ಮೀ. ಹೆಚ್ಚು ಉಳಿದದ್ದು ಬ್ರಿಜ್, ಅಂದರೆ ಹಲಗೆಯ ಮೇಲೆ ತಂತಿಗಳನ್ನು ಹಿಡಿದಿರುವ ಮರದ ತುಂಡಿನ ಹತ್ತಿರ ಒಂದೂವರೆ ಮಿ.ಮೀ. ಆಗಿ ಎದುರಾಗುತ್ತದೆ. ಫ್ರೆಟ್ಟಿನ, ಅಂದರೆ ಕುತ್ತಿಗೆಗೆ ಅಡ್ಡಲಾಗಿ ಕೂರುವ ಲೋಹದ ಮೆಟ್ಟಿಲಿನ, ಸೀಳು ಕೂದಲೆಳೆಯಷ್ಟು ಬಿಗಿಯಾಗಿದ್ದರೆ ಇಡೀ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ಈ ಉಪನ್ಯಾಸದಲ್ಲಿ ಕಟ್ಟುವ ಕ್ರಮವನ್ನೆಲ್ಲ ಸಮನಾಗಿ ಹಂಚುವುದಿಲ್ಲ. ಇಂಥ ತಪ್ಪುಗಳು ಅಡಗಿರುವ ಕಡೆ ನಿಂತು, ಉಳಿದ ಕಡೆ ಬೇಗ ಸಾಗುತ್ತೇನೆ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಮಾದರಿಯನ್ನು ಇಟ್ಟುಕೊಳ್ಳೋಣ: ಉಕ್ಕಿನ ತಂತಿಯ ಓಎಂ (ಆರ್ಕೆಸ್ಟ್ರಾ ಮಾಡೆಲ್) ಗಿಟಾರ್. ಅಮೆರಿಕದ ಮಾರ್ಟಿನ್ ಕಂಪನಿ 1929ರಲ್ಲಿ ಬ್ಯಾಂಜೊ ವಾದಕ ಪೆರಿ ಬೆಕ್ಟೆಲ್ ಕೇಳಿದ್ದರಿಂದ ರೂಪಿಸಿದ ಅಳತೆ ಇದು; ಕುತ್ತಿಗೆ ಹೊಟ್ಟೆಯನ್ನು ಸೇರುವುದು 14ನೇ ಫ್ರೆಟ್ಟಿನಲ್ಲಿ. ಹೊಟ್ಟೆಯ ಅಗಲ 381 ಮಿ.ಮೀ., ಭುಜದ ಅಗಲ 286, ಉದ್ದ ಸುಮಾರು 490. ಆಳ ಬುಡದಲ್ಲಿ 105, ಕುತ್ತಿಗೆ ಕಡೆ 83ರ ಆಸುಪಾಸು. ಕುತ್ತಿಗೆಯ ತುದಿಯಲ್ಲಿ ತಂತಿ ಕೂರುವ ಪಟ್ಟಿಯಾದ ನಟ್‌ನಿಂದ ಬ್ರಿಜ್ ಮೇಲಿನ ಪಟ್ಟಿಯಾದ ಸ್ಯಾಡಲ್‌ಗೆ ಲೆಕ್ಕದ ಉದ್ದ, ಅಂದರೆ ಸ್ಕೇಲ್, 645. ಮೊದಲ ಗಿಟಾರಿಗೆ ಇದಕ್ಕಿಂತ ದೊಡ್ಡದೂ ಬೇಡ, ಭುಜವನ್ನು ಒಳಕ್ಕೆ ಕತ್ತರಿಸುವ ಕಟ್‌ಅವೇ ಅಂತೂ ಬೇಡವೇ ಬೇಡ.

ಇದಕ್ಕೆ 12ರಿಂದ 53ರ (ಇಂಚಿನ ಸಾವಿರದ ಭಾಗದಲ್ಲಿ ದಪ್ಪ) ಲೈಟ್ ತಂತಿ ಹಾಕಿದರೆ ಆರೂ ಸೇರಿ ಎಳೆಯುವುದು 70ರಿಂದ 75 ಕೆಜಿ. ಅಷ್ಟನ್ನೂ ಹಗಲೂ ರಾತ್ರಿ ತಡೆಯಬೇಕಾದದ್ದು ಮೂರು ಮಿ.ಮೀ.ಗಿಂತ ತೆಳ್ಳಗಿನ ಸ್ಪ್ರೂಸ್ ಎಂಬ ಸೂಚಿಪರ್ಣಿ ಮರದ ಮೇಲ್ಹಲಗೆ. ಭದ್ರವಾಗಲಿ ಎಂದು ದಪ್ಪ ಬಿಟ್ಟರೆ ಅದು ಪೆಟ್ಟಿಗೆಯಾಗುತ್ತದೆ, ವಾದ್ಯವಾಗುವುದಿಲ್ಲ. ದನಿ ಬರಲಿ ಎಂದು ತೀರ ತೆಳುಮಾಡಿದರೆ ವರ್ಷದೊಳಗೆ ಬ್ರಿಜ್ ಹಿಂದೆ ಉಬ್ಬಿ, ಮುಂದೆ ಕುಸಿಯುತ್ತದೆ.

ಮೊದಲು ಕೋಣೆ, ಆಮೇಲೆ ಮರ

ಮರಕ್ಕಿಂತ ಮೊದಲು ಕೊಳ್ಳಬೇಕಾದದ್ದು ತೇವಮಾಪಕ. ಅಗ್ಗದ್ದೇ ಸಾಕು, ಆದರೆ ಅದು ಸುಳ್ಳು ಹೇಳುತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು ಗಟ್ಟಿ ಕೆಸರಿನ ಹದಕ್ಕೆ ತನ್ನಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ 75 ತೋರಿಸಬೇಕು. 81 ತೋರಿಸಿದರೆ ಮುಂದೆ ಯಾವಾಗಲೂ ಆರು ಕಳೆದು ಓದಿಕೊಳ್ಳಿ.

ಇಷ್ಟೇಕೆ ಎಂದರೆ, ಸ್ಪ್ರೂಸ್ ಎಳೆಯ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಅಡ್ಡಕ್ಕೆ ಹಾಗಲ್ಲ. ಗಾಳಿಯ ತೇವಾಂಶ ಶೇ 80 ಇರುವಲ್ಲಿ ಬಿಟ್ಟ ಮರದಲ್ಲಿ ಅದರ ಒಣತೂಕದ ಸುಮಾರು ಶೇ 16ರಷ್ಟು ನೀರಿರುತ್ತದೆ. ಶೇ 45ರ ಗಾಳಿಯಲ್ಲಿ ಅದು ಎಂಟೂವರೆ, ಶೇ 25ರಲ್ಲಿ ಐದು. ಒಳಗಿನ ನೀರು ಶೇ 1 ಇಳಿದಾಗ ಎಳೆ ನೆಟ್ಟಗೆ ನಿಂತಂತೆ ಕೊಯ್ದ ಸಿಟ್ಕಾ ಸ್ಪ್ರೂಸ್ ಅಗಲದಲ್ಲಿ ಶೇ 0.15ರಷ್ಟು ಕುಗ್ಗುತ್ತದೆ. ಈಗ ಗುಣಿಸಿ ನೋಡಿ. ಮಳೆಗಾಲದ ಮಂಗಳೂರಿನಲ್ಲಿ ಕಿಟಕಿ ತೆರೆದಿಟ್ಟು ಅಂಟಿಸಿದ 381 ಮಿ.ಮೀ. ಅಗಲದ ಹಲಗೆ, ಬೆಂಗಳೂರಿನ ಮಾರ್ಚ್ ಮಧ್ಯಾಹ್ನಗಳಿಗೆ ಬಂದಾಗ ಆರು ಮಿ.ಮೀ.ಗೂ ಹೆಚ್ಚು ಕುಗ್ಗಲು ನೋಡುತ್ತದೆ. ಅದರ ಒಳಮೈಗೆ ಅಡ್ಡಲಾಗಿ ಅಂಟಿಸಿದ ಬ್ರೇಸುಗಳು, ಅಂದರೆ ಆಸರೆಯ ಮರದ ಪಟ್ಟಿಗಳು, ಬಿಡುವುದಿಲ್ಲ, ಏಕೆಂದರೆ ಅವುಗಳ ಉದ್ದ ಬದಲಾಗುವುದಿಲ್ಲ. ಮೊದಲು ಹಲಗೆಯ ಉಬ್ಬು ಇಳಿಯುತ್ತದೆ, ಆಮೇಲೆ ಒಳಕ್ಕೆ ತಗ್ಗಾಗುತ್ತದೆ, ಕೊನೆಗೆ ಎಳೆಗುಂಟ ಸೀಳುತ್ತದೆ. ಅದೇ ಹಲಗೆಯನ್ನು ಶೇ 45ರಲ್ಲಿ ಅಂಟಿಸಿದ್ದರೆ ಕುಗ್ಗುವುದು ಎರಡು ಮಿ.ಮೀ. ಮಾತ್ರ, ಅಷ್ಟನ್ನು ಉಬ್ಬು ತಾನೇ ನುಂಗಿಕೊಳ್ಳುತ್ತದೆ.

ಹಾಗಾಗಿ ಬ್ರೇಸ್ ಅಂಟಿಸುವ ದಿನ, ಪೆಟ್ಟಿಗೆ ಮುಚ್ಚುವ ದಿನ ಮರ ಶೇ 40ರಿಂದ 45ರ ಹದದಲ್ಲಿರಬೇಕು. ಇದರಲ್ಲಿ ರಾಜಿ ಇಲ್ಲ. ತೇವ ಹೀರುವ ಯಂತ್ರ (ಡಿಹ್ಯುಮಿಡಿಫೈಯರ್) ಇರುವ ಸಣ್ಣ ಕೋಣೆ ಒಳ್ಳೆಯದು. ಇಲ್ಲದಿದ್ದರೆ ಪ್ಲೈವುಡ್ಡಿನ ಕಪಾಟು ಮಾಡಿ ಕೆಳಗೆ ಹಳೆಯ ಕಾಲದ ಬಿಸಿಯಾಗುವ ಬಲ್ಬ್ ಹಾಕಿ. ಹೊರಗೆ 27 ಡಿಗ್ರಿ ಶಾಖ, ಶೇ 80 ತೇವ ಇದ್ದಾಗ ಕಪಾಟಿನೊಳಗೆ 37 ಡಿಗ್ರಿಗೆ ಏರಿಸಿದರೆ ಅದೇ ಗಾಳಿಯ ತೇವಾಂಶ ಶೇ 45ಕ್ಕೆ ಇಳಿಯುತ್ತದೆ. ಹಲಗೆಗಳ ನಡುವೆ ಕಡ್ಡಿ ಕೊಟ್ಟು ಜೋಡಿಸಿ, ಅಡುಗೆಮನೆಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದಿಡಿ. ಸತತ ಮೂರ್ನಾಲ್ಕು ದಿನ ತೂಕ ಬದಲಾಗದಿದ್ದರೆ ಮರ ಹದಕ್ಕೆ ಬಂತು ಎಂದರ್ಥ. ಹೊರತೆಗೆದ ಮರವನ್ನು ಅಂದೇ ಅಂಟಿಸಿ ಮತ್ತೆ ಒಳಗಿಡಿ. ಅಂಟಿನಲ್ಲೂ ನೀರಿದೆ ಎಂಬುದನ್ನು ಮರೆಯುತ್ತೇವೆ.

ಬೀಟೆಯ ಮೋಹ

ನಮ್ಮ ಕಡೆಯವರಿಗೆ ಬೆನ್ನು ಮತ್ತು ಪಕ್ಕೆ ಎಂದರೆ ಬೀಟೆಯೇ ಆಗಬೇಕು. ತಪ್ಪೇನಲ್ಲ. ಪಶ್ಚಿಮ ಘಟ್ಟದ ಈ ಮರವನ್ನೇ ಜಗತ್ತು ಇಂಡಿಯನ್ ರೋಸ್‌ವುಡ್ ಎಂದು ಕರೆಯುತ್ತದೆ. 1969ರಲ್ಲಿ ಮಾರ್ಟಿನ್ ಕಂಪನಿ ಬ್ರೆಜಿಲ್‌ನ ಮರ ಬಿಟ್ಟು ಇದಕ್ಕೆ ಬದಲಾಯಿತು. ಆದರೆ ದನಿಗಾಗಿ ದುಡ್ಡು ಸುರಿಯಬೇಕಾದ ಜಾಗ ಅದಲ್ಲ. ಸ್ಪೇನಿನ ಅಂಟೋನಿಯೊ ಡಿ ಟೊರೆಸ್ 1862ರಲ್ಲಿ ಬೆನ್ನು ಪಕ್ಕೆಗಳನ್ನು ಕಾಗದದ ರಟ್ಟಿನಿಂದ ಮಾಡಿ, ಮೇಲ್ಹಲಗೆ ಮಾತ್ರ ಸ್ಪ್ರೂಸ್ ಹಾಕಿ ಗಿಟಾರ್ ಕಟ್ಟಿದ. ಅದು ಇಂದಿಗೂ ಬಾರ್ಸಿಲೋನಾದ ಸಂಗೀತ ಮ್ಯೂಸಿಯಮ್ಮಿನಲ್ಲಿದೆ. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಬೆನ್ನು ಪಕ್ಕೆಗಳ ಮರ ಮಾತ್ರ ಬೇರೆಯಾಗಿದ್ದ ಆರು ಗಿಟಾರುಗಳನ್ನು 52 ವಾದಕರು ಮರ ಕಾಣದಂತೆ ನುಡಿಸಿ ಅಂಕ ಕೊಟ್ಟರು. ದುಬಾರಿ ಮರಕ್ಕೂ ಅಗ್ಗದ ಮರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಮೊದಲ ಗಿಟಾರಿಗೆ ಮಹಾಗನಿ ಹಾಕಿ, ಮಿಕ್ಕ ಹಣಕ್ಕೆ ಒಳ್ಳೆಯ ಮೇಲ್ಹಲಗೆ ತನ್ನಿ ಎಂಬುದು ನನ್ನ ಸಲಹೆ. ಯಾರೂ ಕೇಳುವುದಿಲ್ಲ, ಅದೂ ಗೊತ್ತು.

ಬೀಟೆಯೇ ಬೇಕು ಎನ್ನುವವರಿಗೆ ಎರಡು ಮಾತು. ಕರ್ನಾಟಕದಲ್ಲಿ ಬೀಟೆ ಕಡಿಯಲೂ ಸಾಗಿಸಲೂ ಅರಣ್ಯ ಇಲಾಖೆಯ ಅನುಮತಿ ಬೇಕು, ಮರ ನಿಮ್ಮ ತೋಟದ್ದೇ ಆದರೂ. ಕೊಳ್ಳುವಾಗ ಬಿಲ್ ಇಲ್ಲದ ಮರ ಮುಟ್ಟಬೇಡಿ. ಹಳೆ ಮನೆ ಬಿಚ್ಚಿದಾಗ ಸಿಗುವ ತೊಲೆ, ಮಂಚದ ಕಟ್ಟುಗಳು ಚೆನ್ನಾಗಿ ಒಣಗಿದ ಮಾಲು, ಆದರೆ ಬೆನ್ನಿಗೆ 200 ಮಿ.ಮೀ. ಅಗಲ, 500 ಉದ್ದದ ಎರಡು ತುಂಡು, ಪಕ್ಕೆಗೆ 110 ಅಗಲ, 810 ಉದ್ದದ ಎರಡು ಪಟ್ಟಿ ಮೊಳೆತೂತಿಲ್ಲದೆ ಸಿಗಬೇಕು. ಇನ್ನು ವಿದೇಶದ ಲೆಕ್ಕ: 2017ರ ಜನವರಿಯಿಂದ ಬೀಟೆಯ ಕುಲವೆಲ್ಲ (ಮೊದಲ ಪಟ್ಟಿಯಲ್ಲಿರುವ ಬ್ರೆಜಿಲ್‌ನ ಮರ ಬಿಟ್ಟು) ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2019ರ ನವೆಂಬರಿನಿಂದ ಕಟ್ಟಿ ಮುಗಿಸಿದ ಸಂಗೀತ ವಾದ್ಯಗಳಿಗೆ ಅದರಿಂದ ವಿನಾಯಿತಿ ಸಿಕ್ಕಿದೆ. ಗಿಟಾರಿಗೆ ಇರುವ ಸಡಿಲಿಕೆ ಬಿಡಿ ಹಲಗೆಗೆ ಇಲ್ಲ.

ಮತ್ತೊಂದು, ಬೀಟೆಯ ಧೂಳು ಹಲವರಿಗೆ ಚರ್ಮದಲ್ಲೂ ಶ್ವಾಸದಲ್ಲೂ ಅಲರ್ಜಿ ಎಬ್ಬಿಸುತ್ತದೆ. ಮೊದಲ ದಿನ ಏನೂ ಆಗಲಿಲ್ಲ ಎಂದು ಮಾಸ್ಕ್ ತೆಗೆದಿಡಬೇಡಿ. ಈ ಅಲರ್ಜಿ ಧೂಳಿನಲ್ಲಿ ಕೆಲಸ ಮಾಡುತ್ತಾ ಹೋದಂತೆ ಬೆಳೆಯುವಂಥದ್ದು.

ಮೇಲ್ಹಲಗೆ

ಒಂದೇ ತುಂಡನ್ನು ನಡುವೆ ಕೊಯ್ದು ಪುಸ್ತಕದಂತೆ ತೆರೆದು ಅಂಚಿಗೆ ಅಂಚು ಸೇರಿಸುವುದು ವಾಡಿಕೆ. ಅಂಚನ್ನು ಚೂಪಾದ ಕೀಸುಳಿಯಿಂದ ಹೆರೆದ ಮೇಲೆ ಎರಡನ್ನೂ ಸೇರಿಸಿ ದೀಪಕ್ಕೆ ಹಿಡಿಯಿರಿ. ಎಲ್ಲಿಯೂ ಬೆಳಕು ತೂರಬಾರದು. ಕ್ಲಾಂಪ್ ಬಿಗಿದರೆ ಸಂದು ಮುಚ್ಚಿಕೊಳ್ಳುತ್ತದೆ ಎಂಬುದು ನಂಬಬಾರದ ಮಾತು: ಬಿಗಿದು ಮುಚ್ಚಿದ ಸಂದು ಒಣಗಾಲಕ್ಕೆ ಬಿಚ್ಚಿಕೊಳ್ಳುತ್ತದೆ.

ಅಂಟಿನ ವಿಷಯವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಪೀಠೋಪಕರಣಕ್ಕೆ ಬಳಸುವ ಬಿಳಿ ಅಂಟು ಒಣಗಿದ ಮೇಲೂ ಕೊಂಚ ಮೆತ್ತಗೇ ಇರುತ್ತದೆ. ಸತತ ಎಳೆತ ಮತ್ತು ಬಿಸಿಯಲ್ಲಿ ನಿಧಾನ ಜಾರುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಗಿಟಾರಿನ ಬ್ರಿಜ್ ಕಿತ್ತುಬರುವುದು ಹೀಗೆ. ಗಟ್ಟಿಯಾಗಿ ಒಣಗುವ ಹಳದಿ ಮರದಂಟು ಬಳಸಿ. ಚರ್ಮದಿಂದ ಮಾಡುವ ಬಿಸಿ ಅಂಟು ಇನ್ನೂ ಒಳ್ಳೆಯದು, ಆದರೆ ಅದನ್ನು 60ರಿಂದ 63 ಡಿಗ್ರಿಯಲ್ಲೇ ಇಟ್ಟುಕೊಳ್ಳಬೇಕು, ಹಚ್ಚಿದ ಮೇಲೆ ಕೂರಿಸಲು ಒಂದು ನಿಮಿಷವೂ ಸಿಗುವುದಿಲ್ಲ. ಮೊದಲ ಗಿಟಾರಿಗೆ ಅದು ಬೇಡ.

ದಪ್ಪ ಎಷ್ಟಿರಬೇಕು? 2.6ರಿಂದ 3.0 ಮಿ.ಮೀ. ಎಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಈ 0.4ರ ಅಂತರ ಸಣ್ಣದಲ್ಲ. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 3.0ರಿಂದ 2.7ಕ್ಕೆ ಹೆರೆದರೆ ತೂಕ ಇಳಿಯುವುದು ಶೇ 10, ಬಿಗುವು ಇಳಿಯುವುದು ಶೇ 27. ಮೇಲಾಗಿ ಒಂದೇ ದಪ್ಪದ ಎರಡು ಸ್ಪ್ರೂಸ್ ಹಲಗೆಗಳ ಬಿಗುವು ಒಂದೇ ಇರುವುದಿಲ್ಲ. ಹಲಗೆ ತಟ್ಟಿ ಕಿವಿಗೊಟ್ಟು ಕೇಳುವವರ ಚಿತ್ರಗಳನ್ನು ನೋಡಿರುತ್ತೀರಿ. ಅನುಭವಿಗಳಿಗೆ ಅದು ಏನೋ ಹೇಳುತ್ತದೆ, ಹೊಸಬರಿಗೆ ಏನೂ ಹೇಳುವುದಿಲ್ಲ. ಬದಲಿಗೆ ಅಳೆಯಿರಿ. ಹಲಗೆಯನ್ನು 450 ಮಿ.ಮೀ. ಅಂತರದ ಎರಡು ದಂಡದ ಮೇಲಿಟ್ಟು, ನಡುವೆ ಒಂದು ಕೆಜಿ ತೂಕ ಇಟ್ಟು, ಎಷ್ಟು ಬಾಗಿತು ಎಂದು ಡಯಲ್ ಗೇಜಿನಲ್ಲಿ ನೋಡಿ, ದಪ್ಪ, ತೂಕ, ಬಾಗು ಮೂರನ್ನೂ ಬರೆದಿಡಿ. ಮೊದಲ ಗಿಟಾರಿಗೆ ಈ ಅಂಕಿ ಉಪಯೋಗಕ್ಕೆ ಬಾರದು. ಎರಡನೆಯದಕ್ಕೆ ಇದಕ್ಕಿಂತ ಬೆಲೆಬಾಳುವ ವಸ್ತು ನಿಮ್ಮ ಬಳಿ ಇರುವುದಿಲ್ಲ. ಮೊದಲನೆಯದಕ್ಕೆ 2.9ರಲ್ಲಿ ನಿಲ್ಲಿಸಿ. ಕಟ್ಟಿ ಮುಗಿದ ಮೇಲೂ ಹೊರಗಿನಿಂದ ಅಂಚನ್ನು ತೆಳುಮಾಡಬಹುದು. ಹೆರೆದದ್ದನ್ನು ಮರಳಿ ಕೂರಿಸಲಾಗದು.

ಬ್ರೇಸುಗಳಿಗೆ ಸ್ಪ್ರೂಸ್ ಕಟ್ಟಿಗೆಯನ್ನು ಗರಗಸದಲ್ಲಿ ಕೊಯ್ಯುವ ಮೊದಲು ಉಳಿಯಿಂದ ಸೀಳಿ. ಸೀಳು ಎಳೆಯ ಜಾಡು ಹಿಡಿಯುತ್ತದೆ, ಗರಗಸ ನೀವು ಹೇಳಿದ ಜಾಡು ಹಿಡಿಯುತ್ತದೆ. ಎಳೆ ಓರೆಯಾಗಿ ಹೊರಬಿದ್ದ ಬ್ರೇಸ್ ದಪ್ಪಗಿದ್ದಾಗ ಚೆನ್ನಾಗೇ ಕಾಣುತ್ತದೆ; ಎತ್ತರ ಇಳಿಸುತ್ತಾ ಹೋದಾಗ ಅಲ್ಲೇ ಬಿರುಕು ಬಿಡುತ್ತದೆ. ಮುಖ್ಯವಾದವು ಎಕ್ಸ್ ಆಕಾರದಲ್ಲಿ ಸುಮಾರು 98 ಡಿಗ್ರಿ ಕೋನದಲ್ಲಿ ಹಾಯುವ ಎರಡು ಬ್ರೇಸುಗಳು: ಅಗಲ 8 ಮಿ.ಮೀ., ಕೂಡುವಲ್ಲಿ ಎತ್ತರ 15ರಿಂದ 16. ಇಲ್ಲೂ ಘನದ ಲೆಕ್ಕವೇ. ಅಗಲ ಅರ್ಧ ಮಾಡಿದರೆ ಬಿಗುವು ಅರ್ಧ. ಆದರೆ ಎತ್ತರವನ್ನು 16ರಿಂದ 14ಕ್ಕೆ ಇಳಿಸಿದರೆ ಸಾಕು, ಮೂರರಲ್ಲೊಂದು ಪಾಲು ಹೋಯಿತು.

ಎರಡು ಬ್ರೇಸ್ ಒಂದನ್ನೊಂದು ದಾಟುವ ಕಚ್ಚು ಇಡೀ ಹಲಗೆಯ ಬೆನ್ನೆಲುಬು. ಪ್ರತಿ ಬ್ರೇಸಿನಲ್ಲೂ ಅರ್ಧ ಎತ್ತರ ಕೊರೆದು ಒಂದರೊಳಗೆ ಒಂದು ಕೂರಿಸುತ್ತೇವೆ. ಮೇಲೆ ಬಾಯಿ ತೆರೆದಿರುವ ಬ್ರೇಸಿಗೆ ಆ ಜಾಗದಲ್ಲಿ ಉಳಿಯುವುದು ಅರ್ಧ ಎತ್ತರ ಮಾತ್ರ, ಅಂದರೆ ಎಂಟನೇ ಒಂದು ಬಿಗುವು. ಅದಕ್ಕೇ ಮೇಲೆ ತೆಳು ಸ್ಪ್ರೂಸ್ ತುಂಡನ್ನೊ ಅಂಟಿನಲ್ಲಿ ನೆನೆಸಿದ ಹತ್ತಿ ಬಟ್ಟೆಯನ್ನೊ ಹೊದಿಸಿ ಮುಚ್ಚುತ್ತಾರೆ. ಕಚ್ಚು ಸಡಿಲವಾಗಿದ್ದು ಈ ಮುಚ್ಚಳವೂ ಇಲ್ಲದಿದ್ದರೆ, ತಂತಿ ಏರಿಸಿದ ಕೆಲವೇ ತಿಂಗಳಲ್ಲಿ ದನಿಗಿಂಡಿಯ ಹಿಂದೆ ಹಲಗೆ ತಗ್ಗುತ್ತದೆ. ಆಗ ಕೈ ತೂರಿಸಿ ರಿಪೇರಿ ಮಾಡಲು ಇರುವ ದಾರಿ 100 ಮಿ.ಮೀ. ಅಗಲದ ಆ ಗಿಂಡಿ ಒಂದೇ.

ಬ್ರೇಸಿನ ತಳವನ್ನು ನೇರವಾಗಿ ಬಿಡದೆ 8.5 ಮೀಟರ್ ತ್ರಿಜ್ಯದ ಕಮಾನಿಗೆ ಉಜ್ಜಬೇಕು. ಹೊಟ್ಟೆಯ ನಡುವೆ ಅಂಚಿಗಿಂತ ಎರಡು ಮಿ.ಮೀ. ಉಬ್ಬು ಬರುತ್ತದೆ. ಬೆನ್ನಿಗೆ 4.5 ಮೀಟರ್ ತ್ರಿಜ್ಯ, ಉಬ್ಬು ನಾಲ್ಕು ಮಿ.ಮೀ. ಅದೇ ತ್ರಿಜ್ಯದ ತಗ್ಗು ಕೊರೆದ ತಟ್ಟೆಯ ಮೇಲೆ ಹಲಗೆ ಇಟ್ಟು, ಮೇಲೊಂದು ಗಟ್ಟಿ ಚಪ್ಪಡಿ ಬಿಗಿದು, ಎರಡರ ನಡುವೆ ಬಾಗಿಸಿದ ಕಡ್ಡಿಗಳಿಂದ ಬ್ರೇಸುಗಳನ್ನು ಒತ್ತಿಹಿಡಿಯುವುದು ಅಗ್ಗದ, ಒಳ್ಳೆಯ ಉಪಾಯ. ಹೊರದೇಶದವರು ಇದಕ್ಕೆ ಫೈಬರ್ ಕಡ್ಡಿ ತರಿಸುತ್ತಾರೆ. ನಮಗೆ ಬಿದಿರಿನ ದಬ್ಬೆ ಸಾಕು.

ಎಕ್ಸ್‌ನ ತುದಿಗಳನ್ನು ಎರಡೂವರೆ ಮಿ.ಮೀ.ಗೆ ಇಳಿಸಿ, ಪಕ್ಕೆಯ ಒಳಪಟ್ಟಿಯಲ್ಲಿ ಕಚ್ಚು ಕೊರೆದು ಅದರೊಳಗೆ ಸೇರಿಸಿ. ತುದಿ ಗಾಳಿಯಲ್ಲಿ ನಿಂತರೆ ಬ್ರೇಸ್ ಅಲ್ಲಿಂದಲೇ ಸುಲಿಯಲು ಶುರುವಾಗುತ್ತದೆ. ಬ್ರೇಸಿನ ಮಧ್ಯವನ್ನು ತೋಡಿ ಹಗುರ ಮಾಡುವ ಸ್ಕ್ಯಾಲಪ್ ಕೆಲಸ ನೋಡಲು ಬಲು ಚೆಂದ. ಮೊದಲ ಗಿಟಾರಿಗೆ ಅದರ ಗೋಜಿಗೆ ಹೋಗಬೇಡಿ.

ಪಕ್ಕೆ, ಪೆಟ್ಟಿಗೆ

ಪಕ್ಕೆಯ ದಪ್ಪ 2.0ರಿಂದ 2.2, ಬೆನ್ನಿನದು 2.5ರ ಆಸುಪಾಸು. ಬಗ್ಗಿಸುವ ಕೊಳವೆ 150ರಿಂದ 170 ಡಿಗ್ರಿ ಇರಲಿ; ನೀರು ಸಿಡಿಸಿದರೆ ಹನಿ ಉರುಳಿಕೊಂಡು ಓಡಬೇಕು. ಪಟ್ಟಿಗೆ ನೀರು ಸಿಂಪಡಿಸಿ ಸಾಕು, ನೆನೆಹಾಕಬೇಡಿ. ನೆನೆದ ಬೀಟೆ ಸೊಂಟದಲ್ಲಿ ಅಲೆಅಲೆಯಾಗುತ್ತದೆ. ಹೊರಮೈಗೆ ತೆಳು ತಗಡಿನ ಪಟ್ಟಿ ಹಿಡಿದು ಸೊಂಟದಿಂದ ಶುರುಮಾಡಿ. ಕೈಬಲದಿಂದ ಬಗ್ಗಿಸಲು ಹೋದರೆ ಮುರಿಯುತ್ತದೆ. ಒತ್ತಿಹಿಡಿದು ಕಾಯಿರಿ, ಬಿಸಿ ಒಳಕ್ಕಿಳಿದ ಗಳಿಗೆಯಲ್ಲಿ ಮರ ತಾನೇ ಕೈಗೆ ಸೋಲುವುದು ಬೆರಳಿಗೆ ತಿಳಿಯುತ್ತದೆ. ಇನ್ನೊಂದು ಎಚ್ಚರಿಕೆ, ನಗು ಬರುವಂಥದ್ದು: ಎರಡೂ ಪಟ್ಟಿಗೆ ಒಳಮೈ ಯಾವುದು, ಬೆನ್ನಿನ ಅಂಚು ಯಾವುದು ಎಂದು ಸೀಮೆಸುಣ್ಣದಲ್ಲಿ ಬರೆದುಕೊಳ್ಳಿ. ಇಲ್ಲದಿದ್ದರೆ ಎರಡೂ ಎಡಪಕ್ಕೆಗಳೇ ತಯಾರಾಗುತ್ತವೆ.

ಕಚ್ಚು ಬಿದ್ದ ಒಳಪಟ್ಟಿ ಅಂಟಿಸಲು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ಬಳಸಿ, ನೂರು ಇಟ್ಟುಕೊಳ್ಳಿ. ಬೀಟೆಯ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟಿಸುವ ಸ್ವಲ್ಪ ಮೊದಲು ಹೆರೆದು ಹೊಸ ಮೈ ತೆಗೆಯಬೇಕು. ಅಂಚಿಗೆ ಸುತ್ತಲೂ ಕೂರಿಸುವ ಪಟ್ಟಿ, ಬೈಂಡಿಂಗ್, ಅಲಂಕಾರಕ್ಕಷ್ಟೇ ಇರುವುದಲ್ಲ. ಸ್ಪ್ರೂಸ್ ತೇವ ಕುಡಿಯುವುದು ಬರಿದಾದ ಎಳೆತುದಿಯಿಂದ, ಅದನ್ನು ಮುಚ್ಚುತ್ತದೆ.

ಕುತ್ತಿಗೆಯ ಕೋನ

ಕೆಟ್ಟ ಗಿಟಾರುಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇಲ್ಲಿ. ಕುತ್ತಿಗೆಗೆ ಎಳೆ ನೇರವಿರುವ, ಚೆನ್ನಾಗಿ ಒಣಗಿದ ಮಹಾಗನಿ ಸಾಕು. ಒಳಗೆ ಕುತ್ತಿಗೆಯ ಬಾಗನ್ನು ತಿದ್ದುವ, ಎರಡೂ ಕಡೆ ತಿರುಗುವ ಉಕ್ಕಿನ ಸರಳು, ಟ್ರಸ್ ರಾಡ್, ಇರಲಿ. ಹೊಟ್ಟೆಗೆ ಸೇರಿಸಲು ಬೆಣೆಯಾಕಾರದ ಡವ್‌ಟೇಲ್ ಕಚ್ಚು ಬಿಟ್ಟು ಎರಡು ಬೋಲ್ಟಿನ ಕೂಡಿಕೆ ಮಾಡಿ. ದನಿ ಕಡಿಮೆಯಾಗುತ್ತದೆ ಎಂಬ ವಾದ ಇದೆ. ಬಿಚ್ಚಿ ತಿದ್ದಲು ಬರುವ ಕುತ್ತಿಗೆಯ ಮುಂದೆ ಆ ವಾದಕ್ಕೆ ಹೊಸಬರು ಕಿವಿಗೊಡಬೇಕಿಲ್ಲ.

ಗುರಿ ಇಷ್ಟೇ: ಫ್ರೆಟ್ ಕೂರಿಸಿದ ಮೇಲೆ ಅವುಗಳ ಮೇಲೆ ಉದ್ದನೆಯ ಉಕ್ಕಿನ ಪಟ್ಟಿ ಇಟ್ಟರೆ ಅದರ ತುದಿ 9 ಮಿ.ಮೀ. ಎತ್ತರದ ಬ್ರಿಜ್ಜಿನ ನೆತ್ತಿಯನ್ನು ಸವರಿಕೊಂಡು ಹೋಗಬೇಕು. ಆಗ ಸ್ಯಾಡಲ್ 3ರಿಂದ 4 ಮಿ.ಮೀ. ಹೊರಚಾಚಿ ತಂತಿಗಳ ಎತ್ತರ ಸರಿಬರುತ್ತದೆ. 14ನೇ ಫ್ರೆಟ್ಟಿನಿಂದ ಸ್ಯಾಡಲ್‌ಗೆ ದೂರ 287 ಮಿ.ಮೀ. ಕೋನ ಒಂದೇ ಒಂದು ಡಿಗ್ರಿ ತಪ್ಪಿದರೂ ಅಲ್ಲಿ 5 ಮಿ.ಮೀ. ತಪ್ಪಿದಂತೆ. ಪಟ್ಟಿಯ ತುದಿ ಬ್ರಿಜ್ಜಿನ ನೆತ್ತಿಗಿಂತ ಕೆಳಗೆ ತಾಕುತ್ತಿದ್ದರೆ ಕುತ್ತಿಗೆ ಮುಂದಕ್ಕೆ ಬಾಗಿದೆ. ಸ್ಯಾಡಲ್ ಎಷ್ಟು ತಗ್ಗಿಸಿದರೂ ತಂತಿ ಬೆರಳಿಗೆ ಎತ್ತರವೇ.

ತಿದ್ದುವ ಕ್ರಮ ಹೀಗೆ. ಕುತ್ತಿಗೆಯ ದಪ್ಪ ಬುಡದ, ಅಂದರೆ ಹೀಲಿನ, ಎತ್ತರ ಸುಮಾರು 88 ಮಿ.ಮೀ. ಎಂದಿಟ್ಟುಕೊಳ್ಳಿ. ಹೊಟ್ಟೆಗೆ ತಾಗುವ ಅದರ ಮುಖದಿಂದ ಬುಡದಲ್ಲಿ 0.3 ಮಿ.ಮೀ., ಮೇಲಕ್ಕೆ ಬರುತ್ತಾ ಸೊನ್ನೆಯಾಗುವಂತೆ ಬೆಣೆಯಾಕಾರದಲ್ಲಿ ತೆಗೆದರೆ ಬ್ರಿಜ್ ಬಳಿ ರೇಖೆ 1 ಮಿ.ಮೀ. ಏರುತ್ತದೆ. 0.3 ಮಿ.ಮೀ. ಉಳಿಯಿಂದ ತೆಗೆಯುವ ಕೆಲಸವಲ್ಲ. 120 ನಂಬರಿನ ಮರಳುಕಾಗದದ ಪಟ್ಟಿಯನ್ನು ಹೀಲಿಗೂ ಪಕ್ಕೆಗೂ ನಡುವೆ ತೂರಿಸಿ, ಮರಳಿನ ಮೈ ಹೀಲಿನ ಕಡೆಗಿರಲಿ, ಕುತ್ತಿಗೆಯನ್ನು ಒತ್ತಿಹಿಡಿದು ಕಾಗದವನ್ನು ಹೊರಕ್ಕೆ ಎಳೆಯಿರಿ. ಎಡಕ್ಕೆ ನಾಲ್ಕು ಸಲ ಎಳೆದರೆ ಬಲಕ್ಕೂ ನಾಲ್ಕು. ಎಣಿಕೆ ತಪ್ಪಿದರೆ ಕುತ್ತಿಗೆ ಪಕ್ಕಕ್ಕೆ ತಿರುಗಿ, ಒಂದನೇ ತಂತಿಯೊ ಆರನೆಯದೊ ಫ್ರೆಟ್ ಕೂರುವ ಫಿಂಗರ್‌ಬೋರ್ಡಿನ ಅಂಚಿನಿಂದ ಜಾರುತ್ತದೆ. ಈ ಕೆಲಸ ನಡೆಯುವಾಗಲೂ ಕೋಣೆ ಶೇ 45ರಲ್ಲಿರಲಿ. ಮಳೆಗಾಲದಲ್ಲಿ ಉಬ್ಬಿದ ಮೇಲ್ಹಲಗೆಗೆ ಹೊಂದಿಸಿದ ಕೋನ ಬೇಸಿಗೆಯಲ್ಲಿ ಸುಳ್ಳಾಗುತ್ತದೆ.

ಫ್ರೆಟ್, ಬ್ರಿಜ್

ವೀಣೆಯಲ್ಲಿ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ. ಮೇಳ ಕಟ್ಟುವವರು ಮೇಣ ಮೆತ್ತಗೆ ಮಾಡಿ, ಕಿವಿ ಒಪ್ಪುವವರೆಗೂ ಸರಿಸಿ ಕೂರಿಸುತ್ತಾರೆ. ಗಿಟಾರಿನಲ್ಲಿ ಗರಗಸ ಇಳಿದಲ್ಲಿಗೆ ಮುಗಿಯಿತು. 645ರ ಸ್ಕೇಲಿಗೆ ನಟ್‌ನಿಂದ ಮೊದಲ ಫ್ರೆಟ್ 36.20 ಮಿ.ಮೀ., 5ನೆಯದು 161.80, 7ನೆಯದು 214.51, 12ನೆಯದು 322.50, 14ನೆಯದು 357.69, 20ನೆಯದು 441.84. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್ಟಿನಿಂದ ಇನ್ನೊಂದಕ್ಕೆ ಅಳೆಯುತ್ತಾ ಹೋದರೆ ಪ್ರತಿ ಸಲ 0.1 ಮಿ.ಮೀ. ತಪ್ಪಿದರೂ 20ನೆಯದು ಎರಡು ಮಿ.ಮೀ. ದೂರ ಹೋಗಿರುತ್ತದೆ.

ಸೀಳಿನ ಅಗಲ ಫ್ರೆಟ್ ಕಾಲಿನ ದಪ್ಪಕ್ಕೆ ಹೊಂದಬೇಕು, ಸಾಮಾನ್ಯವಾಗಿ 0.6 ಮಿ.ಮೀ.ಗೆ ಸ್ವಲ್ಪ ಒಳಗೆ. ಬೇಕಾದ್ದಕ್ಕಿಂತ 0.03 ಮಿ.ಮೀ. ಬಿಗಿಯಾದರೆ ಏನು ಮಹಾ ಎನ್ನಬಹುದು. ಇಪ್ಪತ್ತು ಸೀಳಿಗೆ ಅದು 0.6 ಮಿ.ಮೀ. ಬೆಣೆ ಬಡಿದ ಲೆಕ್ಕ; ಬೋರ್ಡಿನ ಮೇಲ್ಮೈ ಹಿಗ್ಗಿ ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ದೂರು ಟ್ರಸ್ ರಾಡ್ ಮೇಲೆ ಹೋಗುತ್ತದೆ, ಪಾಪ. ಮೊದಲು ಬೇಡದ ಮರದ ಚೂರಿನಲ್ಲಿ ಅದೇ ಗರಗಸದಿಂದ ನಾಲ್ಕು ಸೀಳು ಹಾಕಿ ಫ್ರೆಟ್ ಬಡಿದು ನೋಡಿ.

ಬ್ರಿಜ್ ಅಂಟಿಸುವುದು ಕುತ್ತಿಗೆ ಪೂರ್ತಿ ಕೂತ ಮೇಲೆಯೇ. ತಂತಿ ಒತ್ತಿದಾಗ ಹಿಗ್ಗಿ ಸ್ವರ ಏರುವುದರಿಂದ ಸ್ಯಾಡಲ್ 645ರಲ್ಲಿ ಕೂರಬಾರದು: ಒಂದನೇ ತಂತಿಗೆ ಸುಮಾರು 647, ಆರನೆಯದಕ್ಕೆ 650, ನಡುವೆ ಓರೆ. ಬ್ರಿಜ್ಜಿನ ತಳವನ್ನು ಹಲಗೆಯ ಉಬ್ಬಿಗೆ ಹೊಂದುವಂತೆ ಉಜ್ಜಿ. ಚಪ್ಪಟೆ ತಳವನ್ನು ಕ್ಲಾಂಪಿನಿಂದ ಬಲವಂತವಾಗಿ ಕೂರಿಸಿದರೆ ಅದು ಹೊರಬರಲು ದಿನವೂ ಎಳೆಯುತ್ತಲೇ ಇರುತ್ತದೆ. ಅಡಿಯಲ್ಲಿ ಪಾಲಿಶ್ ಒಂದಿಷ್ಟೂ ಉಳಿಯಬಾರದು, ಅಂಚಿನ ಗೆರೆಯವರೆಗೂ ಬರಿ ಮರವೇ ಇರಬೇಕು. ಅಂಟಿಸಿ 24 ಗಂಟೆ ಮುಟ್ಟಬೇಡಿ.

ಪಾಲಿಶ್ ವಿಷಯದಲ್ಲಿ ಹೊಸಬರಿಗೆ ಅರಗಿನ ಫ್ರೆಂಚ್ ಪಾಲಿಶ್ ಒಳ್ಳೆಯದು. ಚನ್ನಪಟ್ಟಣದವರು ಕಡಸಲು ಯಂತ್ರದಲ್ಲಿ ಬೊಂಬೆಗೆ ಹಚ್ಚುವ ಅರಗೇ ಇದರ ಮೂಲ. ಮೇಣ ತೆಗೆದ ಶೆಲ್ಲಾಕ್ ಚಕ್ಕೆ 240 ಗ್ರಾಂ, ನೀರಿನಂಶವಿಲ್ಲದ ಸ್ಪಿರಿಟ್ ಒಂದು ಲೀಟರ್. ಹನಿಯೊಂದನ್ನು ಗಾಜಿನ ಮೇಲೆ ಬಿಟ್ಟು ರಾತ್ರಿ ಕಳೆದು ಉಗುರಿನಿಂದ ಒತ್ತಿ. ಅಂಟಂಟಾಗಿದ್ದರೆ ಚಕ್ಕೆ ಹಳತು, ಚೆಲ್ಲಿಬಿಡಿ. ಮಳೆ ಸುರಿಯುವ ದಿನ ಹಚ್ಚಿದರೆ ಬೆಳ್ಳಗೆ ಮಂಜು ಕವಿಯುತ್ತದೆ.

ತಂತಿ ಏರಿಸಿದ ದಿನ

ಮೊದಲು ಕುತ್ತಿಗೆಯ ತಗ್ಗು: ಒಂದನೇ ಮತ್ತು 14ನೇ ಫ್ರೆಟ್ಟಿನಲ್ಲಿ ಆರನೇ ತಂತಿ ಒತ್ತಿಹಿಡಿದಾಗ ನಡುವೆ 0.1ರಿಂದ 0.25 ಮಿ.ಮೀ. ಸಂದು. ಆಮೇಲೆ ನಟ್: ಮೊದಲ ಫ್ರೆಟ್ಟಿನ ಮೇಲೆ ತಂತಿ ಅರ್ಧ ಮಿ.ಮೀ. ಆಸುಪಾಸು. ಕೊನೆಗೆ ಸ್ಯಾಡಲ್: 12ನೇ ಫ್ರೆಟ್ಟಿನಲ್ಲಿ ಆರನೇ ತಂತಿ 2.5, ಒಂದನೆಯದು 1.8. ಸ್ಯಾಡಲ್ ಒಂದು ಮಿ.ಮೀ. ಇಳಿಸಿದರೆ 12ರಲ್ಲಿ ಇಳಿಯುವುದು ಅರ್ಧ ಮಾತ್ರ. ಈ ಕ್ರಮ ತಪ್ಪಿಸಿದರೆ ಒಂದನ್ನು ತಿದ್ದುವಾಗ ಇನ್ನೊಂದು ಕೆಡುತ್ತದೆ.

ಯಾವುದೋ ಒಂದು ಸ್ವರ ಮಾತ್ರ ಧಿಂ ಎಂದು ಗುಡುಗಿ ತಕ್ಷಣ ಸತ್ತುಹೋಗುತ್ತಿದ್ದರೆ, ತಂತಿಗಳನ್ನು ಬೆರಳಲ್ಲಿ ಅದುಮಿಹಿಡಿದು ಬ್ರಿಜ್ ಮೇಲೆ ತಟ್ಟಿ ಫೋನಿನ ಸ್ಪೆಕ್ಟ್ರಮ್ ಆಪ್‌ನಲ್ಲಿ ನೋಡಿ. ಒಳಗಿನ ಗಾಳಿಯ ಕಂಪನ 100 ಹರ್ಟ್ಸ್ ಆಸುಪಾಸು, ಮೇಲ್ಹಲಗೆಯದು 180ರಿಂದ 200ರ ನಡುವೆ ಕಾಣುತ್ತದೆ. ಹಲಗೆಯ ಕಂಪನ 196ರ ಜಿ ಸ್ವರದಂಥ ಸ್ವರವೊಂದರ ಮೇಲೆ ನೇರ ಬಿದ್ದಿದ್ದರೆ ಕಾರಣ ಅದೇ. ಗಿಂಡಿಯೊಳಗೆ ಕೈಹಾಕಿ ಬ್ರೇಸನ್ನು ಮರಳುಕಾಗದದಿಂದ ಸ್ವಲ್ಪ ಸವೆಸಿದರೆ ಅದು ಎರಡು ಸ್ವರಗಳ ನಡುವಿಗೆ ಸರಿಯುತ್ತದೆ.

ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ತೇವಾಂಶ ಮತ್ತು 12ನೇ ಫ್ರೆಟ್ಟಿನ ಎತ್ತರ ಬರೆದಿಡಿ. ಬ್ರಿಜ್ ಹಿಂದೆ ಹಲಗೆ ಒಂದೆರಡು ಮಿ.ಮೀ. ಉಬ್ಬುವುದು ಕಾಯಿಲೆಯಲ್ಲ. ಫಿಂಗರ್‌ಬೋರ್ಡಿನ ಅಂಚಿನಲ್ಲಿ ಫ್ರೆಟ್ ತುದಿಗಳು ಕೈಗೆ ಚುಚ್ಚತೊಡಗಿದರೆ ಬೋರ್ಡು ಒಣಗಿ ಕುಗ್ಗಿದೆ. ಗಿಟಾರನ್ನು ಒದ್ದೆ ಸ್ಪಂಜಿನ ಡಬ್ಬಿಯ ಜತೆ ಕೇಸಿನೊಳಗಿಡಿ. ಬ್ರಿಜ್ಜಿನ ಹಿಂದಿನ ಅಂಚಿಗೆ ಆಗಾಗ ತೆಳು ಕಾಗದ ತೂರಿಸಿ ನೋಡಿ. ಹೋಗದಿದ್ದರೆ ಸರಿ. ಒಂದು ಮಿ.ಮೀ. ಒಳಹೋದರೂ ಅಂದೇ ತಂತಿ ಸಡಿಲಿಸಿ, ಬ್ರಿಜ್ ಬಿಸಿಮಾಡಿ, ತೆಳು ಚಾಕು ತೂರಿಸಿ ಪೂರ್ತಿ ಬಿಡಿಸಿ ಹೊಸದಾಗಿ ಅಂಟಿಸಬೇಕು. ಸಂದಿಗೆ ಹೊರಗಿನಿಂದ ಅಂಟು ಸುರಿದರೆ ಹಳೆ ಅಂಟಿನ ಮೇಲೆ ಅದು ಹಿಡಿಯುವುದಿಲ್ಲ, ಮುಂದಿನ ಸಲ ಬಿಡಿಸುವಾಗ ಸ್ಪ್ರೂಸ್ ಎಳೆಗಳನ್ನೂ ಕಿತ್ತುಕೊಂಡು ಬರುತ್ತದೆ.